ಅಚ್ಚಿಗೆ ಕ್ಷಣದ ಕಾವು

ಸಂಕ್ರಾಂತಿ ಹಬ್ಬವು ಸಮೀಪಿಸಿತೆಂದರೆ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಮರದ ಅಚ್ಚುಗಳು ಕೆಳಗಿಳಿಯುತ್ತವೆ. ಎರಡು ಹೋಳುಗಳನ್ನು ಜೋಡಿಸಿ ಬಿಗಿದ ಆ ಅಚ್ಚುಗಳ ಒಳಮೈಯಲ್ಲಿ ಆನೆ, ಕುದುರೆ, ಗಿಳಿ, ಮಂಟಪ ಮೊದಲಾದ ಆಕೃತಿಗಳನ್ನು ಟೊಳ್ಳಾಗಿ ಕೊರೆದಿರುತ್ತಾರೆ. ಹದವರಿತು ಕಾಯಿಸಿದ ಸಕ್ಕರೆಯ ಪಾಕವನ್ನು ಕಂಡಿಯ ಮೂಲಕ ಒಳಗೆ ಸುರಿದು, ಅದು ಗಟ್ಟಿಯಾದ ಬಳಿಕ ಹೋಳುಗಳನ್ನು ಬಿಡಿಸಿದರೆ ಬೆಳ್ಳನೆಯ ಸಕ್ಕರೆ ಅಚ್ಚು ಹೊರಬರುತ್ತದೆ. ಈ ಕೆಲಸದಲ್ಲಿ ನುರಿತ ಗೃಹಿಣಿಗೆ ಒಂದು ಗುಟ್ಟು ತಿಳಿದಿರುತ್ತದೆ. ಪಾಕವು ತುಸು ಆರಿದ್ದರೂ ಆನೆಗೆ ಸೊಂಡಿಲು ಮೂಡುವುದಿಲ್ಲ. ಸೊಂಡಿಲಿನ ತುದಿಯನ್ನು ಮುಟ್ಟುವ ಮೊದಲೇ ಅದು ನಡುದಾರಿಯಲ್ಲಿ ಗಟ್ಟಿಯಾಗಿಬಿಡುತ್ತದೆ. ಹಾಗೆಂದು ಆತುರಪಟ್ಟು ಬಿಸಿಯಾಗಿರುವಾಗಲೇ ಅಚ್ಚನ್ನು ಬಿಡಿಸಹೋದರೆ ಆನೆಯ ಕಾಲು ಕಿತ್ತುಬರುತ್ತದೆ. ತುಂಬುವಾಗ ಕಾವು ಬೇಕು. ಬಿಡಿಸುವಾಗ ತಂಪು ಬೇಕು.

ಅಡುಗೆಮನೆಯ ಈ ಚಿಕ್ಕ ತೊಡಕೇ ಇಂದಿನ ದೊಡ್ಡ ಕಾರ್ಖಾನೆಗಳಲ್ಲಿಯೂ ತಂತ್ರಜ್ಞರನ್ನು ಕಾಡಿದೆ. ಬಾಚಣಿಗೆ, ಲೇಖನಿಯ ಮುಚ್ಚಳ, ವಿದ್ಯುತ್ ಸ್ವಿಚ್ಚು, ದೂರದರ್ಶನದ ಚೌಕಟ್ಟು, ಮೊಬೈಲ್ ಫೋನಿನ ಕವಚ ಮುಂತಾದ ಅಸಂಖ್ಯಾತ ಪ್ಲಾಸ್ಟಿಕ್ ವಸ್ತುಗಳು ಅಚ್ಚಿನಲ್ಲಿಯೇ ರೂಪುಗೊಳ್ಳುತ್ತವೆ. ಪಾಕದ ಸ್ಥಾನದಲ್ಲಿ ಕರಗಿದ ಪ್ಲಾಸ್ಟಿಕ್ಕು, ಮರದ ಸ್ಥಾನದಲ್ಲಿ ಉಕ್ಕು, ಕೈಯ ಸ್ಥಾನದಲ್ಲಿ ಯಂತ್ರ, ವ್ಯತ್ಯಾಸವಿಷ್ಟೆ. ವಸ್ತುವು ತೆಳುವಾದಷ್ಟೂ ಈ ತೊಡಕು ಬಲವಾಗುತ್ತದೆ. ಅದನ್ನು ನಿವಾರಿಸಲು ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ಅಚ್ಚನ್ನು ಕ್ಷಣಮಾತ್ರದಲ್ಲಿ ಕಾಯಿಸಿ, ಮತ್ತೆ ಕ್ಷಣಮಾತ್ರದಲ್ಲಿ ತಣಿಸುವ ವಿಧಾನ.

ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಕ್ಕೆ ಒತ್ತಿ ತುಂಬುವ ಕಲೆಗೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸ್ ಆಟದ ಚೆಂಡುಗಳನ್ನು ಆನೆಯ ದಂತದಿಂದ ಮಾಡುತ್ತಿದ್ದರು. ದಂತಕ್ಕೆ ಬದಲಾಗಿ ಬೇರೊಂದು ವಸ್ತುವನ್ನು ಹುಡುಕಲು ಹೊರಟ ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನು ಸೆಲ್ಯುಲಾಯ್ಡ್ ಎಂಬ ವಸ್ತುವನ್ನು ಬಳಕೆಗೆ ತಂದನು. 1872ರಲ್ಲಿ ಅವನೂ ಅವನ ಸೋದರ ಐಸಾಯಾನೂ ಕೂಡಿ, ಕಾದು ಮೆತ್ತಗಾದ ಸೆಲ್ಯುಲಾಯ್ಡನ್ನು ಪಿಚಕಾರಿಯಂತೆ ಒತ್ತಿ ಅಚ್ಚಿಗೆ ತುಂಬುವ ಯಂತ್ರವೊಂದಕ್ಕೆ ಪೇಟೆಂಟು ಪಡೆದರು. ಇಂದು ‘ಇಂಜೆಕ್ಷನ್ ಮೋಲ್ಡಿಂಗ್’ ಎಂದು ಕಾರ್ಖಾನೆಗಳಲ್ಲಿ ಕರೆಯಲಾಗುವ ವಿಧಾನಕ್ಕೆ ಅದೇ ಮೂಲ.

ಈಗಿನ ಯಂತ್ರದ ರಚನೆಯನ್ನು ತಿಳಿಯುವುದು ಕಷ್ಟವೇನಲ್ಲ. ಜೋಳದ ಕಾಳಿನಂತಹ ಪ್ಲಾಸ್ಟಿಕ್ ಹರಳುಗಳನ್ನು ಆಲಿಕೆಯಾಕಾರದ ಪಾತ್ರೆಗೆ ಸುರಿಯುತ್ತಾರೆ. ಅವು ಅಲ್ಲಿಂದ ಉಕ್ಕಿನ ದಪ್ಪ ಕೊಳವೆಯೊಂದಕ್ಕೆ ಇಳಿಯುತ್ತವೆ. ಕೊಳವೆಯೊಳಗೆ ಉದ್ದನೆಯ ತಿರುಪೊಂದು ಸುತ್ತುತ್ತಿರುತ್ತದೆ. ಹೊರಗಿನ ವಿದ್ಯುತ್ ಕಾವಿನಿಂದಲೂ ತಿರುಪಿನ ಮರ್ದನದಿಂದಲೂ ಹರಳುಗಳು ಕರಗಿ, ಜೇನಿಗಿಂತಲೂ ಮಂದವಾದ ದ್ರವವಾಗುತ್ತವೆ. ಬಳಿಕ ತಿರುಪು ಮುಂದಕ್ಕೆ ನುಗ್ಗಿ, ಈ ದ್ರವವನ್ನು ಮೂತಿಯ ಮೂಲಕ ಅಚ್ಚಿನ ಪೊಳ್ಳಿಗೆ ಒತ್ತುತ್ತದೆ. ಆ ಒತ್ತಡವು ಕೆಲವೊಮ್ಮೆ ವಾತಾವರಣದ ಒತ್ತಡದ ಸಾವಿರ ಪಟ್ಟನ್ನು ಮುಟ್ಟುವುದುಂಟು. ಅಚ್ಚಿನ ಉಕ್ಕಿನೊಳಗೆ ಕೊರೆದ ನಾಳಗಳಲ್ಲಿ ನೀರು ಹರಿಯುತ್ತಿದ್ದು, ಪ್ಲಾಸ್ಟಿಕ್ಕಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ವಸ್ತುವು ಗಟ್ಟಿಯಾದೊಡನೆ ಅಚ್ಚು ಎರಡಾಗಿ ತೆರೆಯುತ್ತದೆ. ತಳ್ಳುಗಡ್ಡಿಗಳು ಅದನ್ನು ಹೊರಕ್ಕೆ ನೂಕುತ್ತವೆ. ಅಚ್ಚು ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ಹಗಲಿರುಳೂ ಈ ಚಕ್ರವು ಉರುಳುತ್ತಿರುತ್ತದೆ.

ವಸ್ತುವನ್ನು ತೆಳುವಾಗಿ ಮಾಡಬೇಕೆಂಬ ಹಂಬಲಕ್ಕೆ ಬಲವಾದ ಕಾರಣಗಳುಂಟು. ಗೋಡೆಯ ದಪ್ಪವನ್ನು 2 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ಇಳಿಸಿದರೆ ಪ್ಲಾಸ್ಟಿಕ್ಕಿನ ಖರ್ಚು ಅರ್ಧದಷ್ಟಾಗುತ್ತದೆ. ವಸ್ತುವಿನ ಭಾರವೂ ಅರ್ಧದಷ್ಟಾಗುತ್ತದೆ. ಆರುವ ಕಾಲವಾದರೋ ಇನ್ನೂ ಹೆಚ್ಚು ಕಡಿಮೆಯಾಗುತ್ತದೆ. ಏಕೆಂದರೆ ಪ್ಲಾಸ್ಟಿಕ್ಕು ಆರಲು ಬೇಕಾದ ಕಾಲವು ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪವು ಅರ್ಧವಾದರೆ ಕಾಲವು ನಾಲ್ಕನೆಯ ಒಂದು ಭಾಗವಾಗುತ್ತದೆ. 2 ಮಿಲಿಮೀಟರ್ ದಪ್ಪದ ಗೋಡೆ ಆರಲು ಸುಮಾರು 8 ಸೆಕೆಂಡುಗಳು ಬೇಕಾದರೆ, 1 ಮಿಲಿಮೀಟರಿನದಕ್ಕೆ 2 ಸೆಕೆಂಡುಗಳು ಸಾಕು. ಅರ್ಧ ಮಿಲಿಮೀಟರಿನದಕ್ಕೆ ಅರ್ಧ ಸೆಕೆಂಡೇ ಸಾಕು.

ಇಷ್ಟು ಬೇಗ ಆರುವುದು ಲಾಭವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಪಾಯವೂ ಅಲ್ಲಿಯೇ ಅಡಗಿದೆ. ಅಚ್ಚಿನ ಪೊಳ್ಳು ತುಂಬಲು ಕೂಡ ಅರ್ಧ ಸೆಕೆಂಡಿನಷ್ಟು ಕಾಲ ಹಿಡಿಯುವುದುಂಟು. ತುಂಬುವ ಕಾಲವೂ ಗಟ್ಟಿಯಾಗುವ ಕಾಲವೂ ಒಂದೇ ಆದರೆ, ದ್ರವವು ತುದಿಯನ್ನು ಮುಟ್ಟುವ ಮುನ್ನವೇ ನಿಂತುಹೋಗುವುದು ಸಹಜ. ಆನೆಗೆ ಸೊಂಡಿಲು ಮೂಡದಿರುವುದು ಇದೇ ಕಾರಣದಿಂದ.

ಅಚ್ಚಿನೊಳಗೆ ನಡೆಯುವುದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಚಳಿಗಾಲದ ಬೆಳಗಿನಲ್ಲಿ ಕಬ್ಬಿಣದ ಕಂಬವನ್ನೂ ಮರದ ಕಂಬವನ್ನೂ ಮುಟ್ಟಿದರೆ ಕಬ್ಬಿಣವೇ ಹೆಚ್ಚು ತಣ್ಣಗಿರುವಂತೆ ತೋರುತ್ತದೆ. ವಾಸ್ತವದಲ್ಲಿ ಎರಡರ ಉಷ್ಣತೆಯೂ ಒಂದೇ. ಕಬ್ಬಿಣವು ಬೆರಳಿನ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ; ಮರವು ಹಾಗೆ ಸೆಳೆಯಲಾರದು. ಅಚ್ಚಿನ ಉಕ್ಕು ಪ್ಲಾಸ್ಟಿಕ್ಕಿಗಿಂತ ನೂರು ಪಟ್ಟಿಗೂ ಹೆಚ್ಚು ಉಷ್ಣವಾಹಕ. ಆದುದರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವವು 80 ಡಿಗ್ರಿಯ ಉಕ್ಕನ್ನು ಮುಟ್ಟಿದ ಗಳಿಗೆಯಲ್ಲಿಯೇ, ಮುಟ್ಟಿದ ಎಡೆಯ ಉಷ್ಣತೆಯು ಉಕ್ಕಿನ ಉಷ್ಣತೆಗಿಂತ ಹತ್ತು ಹದಿನೈದು ಡಿಗ್ರಿಗಳಷ್ಟು ಮಾತ್ರ ಹೆಚ್ಚಾಗಿ ಉಳಿಯುತ್ತದೆ. ಅಲ್ಲಿ ಪ್ಲಾಸ್ಟಿಕ್ಕಿನ ತೆಳ್ಳನೆಯ ತೊಗಟೆಯೊಂದು ಒಡನೆಯೇ ಹೆಪ್ಪುಗಟ್ಟುತ್ತದೆ. ದ್ರವವು ಮುಂದೆ ಸಾಗಿದಂತೆಲ್ಲ ಈ ತೊಗಟೆಯು ಎರಡು ಕಡೆಗಳಿಂದಲೂ ಬೆಳೆಯುತ್ತದೆ. ಎರಡು ದಡಗಳೂ ಒಳಕ್ಕೆ ಸರಿಯುತ್ತಾ ಬಂದರೆ ಹೊಳೆಯ ಪಾತ್ರವು ಕಿರಿದಾಗುವಂತೆ, ದ್ರವಕ್ಕೆ ಉಳಿಯುವ ದಾರಿಯು ಇಕ್ಕಟ್ಟಾಗುತ್ತದೆ. ದಪ್ಪ ವಸ್ತುವಿನಲ್ಲಿ ಈ ತೊಗಟೆಯಿಂದ ಹೆಚ್ಚಿನ ಬಾಧೆಯಿಲ್ಲ. ತೆಳು ವಸ್ತುವಿನಲ್ಲಿಯಾದರೋ ತೊಗಟೆಯೇ ಇಡೀ ದಾರಿಯನ್ನು ಮುಚ್ಚಿಬಿಡಬಲ್ಲುದು.

ಇದರಿಂದ ಮೂರು ಬಗೆಯ ದೋಷಗಳು ಉಂಟಾಗುತ್ತವೆ. ಮೊದಲನೆಯದು, ಪೊಳ್ಳು ಪೂರ್ಣವಾಗಿ ತುಂಬದೆ ವಸ್ತುವು ಊನವಾಗಿ ಹೊರಬರುವುದು. ಇದು ಕಣ್ಣಿಗೆ ಕಾಣುವ ದೋಷವಾದ್ದರಿಂದ ಅಂತಹ ವಸ್ತುವನ್ನು ಬೇರ್ಪಡಿಸಬಹುದು. ಎರಡನೆಯದು ಬೆಸುಗೆಗೆರೆ. ವಸ್ತುವಿನಲ್ಲಿ ರಂಧ್ರವಿರಬೇಕಾದ ಕಡೆ ಅಚ್ಚಿನಲ್ಲಿ ಉಕ್ಕಿನ ಕಂಬವಿರುತ್ತದೆ. ನಡುಗಡ್ಡೆಯನ್ನು ಬಳಸಿ ಹರಿಯುವ ಹೊಳೆಯಂತೆ ದ್ರವವು ಕಂಬದ ಎರಡೂ ಬದಿಗಳಲ್ಲಿ ಸೀಳಿ ಹರಿದು, ಆಚೆಗೆ ಮತ್ತೆ ಕೂಡುತ್ತದೆ. ಕೂಡುವ ಎರಡು ಮುಖಗಳೂ ಬಿಸಿಯಾಗಿದ್ದರೆ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಗಳು ಒಂದರೊಳಗೊಂದು ಹೆಣೆದುಕೊಂಡು ಏಕವಾಗುತ್ತವೆ. ಮುಖಗಳು ಆರಿದ್ದರೆ, ಮೇಲ್ಮೈ ಒಣಗಿದ ಹಿಟ್ಟಿನ ಎರಡು ಉಂಡೆಗಳನ್ನು ಒತ್ತಿದಂತೆ, ಅವು ಅಂಟಿಕೊಂಡಂತೆ ತೋರುತ್ತವೆಯೇ ಹೊರತು ಬೆರೆಯುವುದಿಲ್ಲ. ಅಲ್ಲಿ ಕೂದಲಿನಂತಹ ಗೆರೆಯೊಂದು ಉಳಿಯುತ್ತದೆ. ವಸ್ತುವು ಕೆಳಗೆ ಬಿದ್ದಾಗ ಬಿರುಕು ಮೊದಲು ಮೂಡುವುದು ಅನೇಕ ವೇಳೆ ಆ ಗೆರೆಯಲ್ಲಿಯೇ. ಮೂರನೆಯದು, ಹರಿಯುತ್ತಿರುವಾಗಲೇ ಎಳೆತಕ್ಕೆ ಸಿಕ್ಕಿದ ಅಣುಗಳು ಆ ಸ್ಥಿತಿಯಲ್ಲಿಯೇ ಹೆಪ್ಪುಗಟ್ಟುವುದರಿಂದ ವಸ್ತುವಿನೊಳಗೆ ಬಿಗಿತವು ಅಡಗಿ ಉಳಿಯುವುದು. ಅಂತಹ ವಸ್ತುವು ದಿನಕಳೆದಂತೆ ಸೊಟ್ಟಗಾಗಬಹುದು. ಮಸೂರದಂತಹ ಪಾರದರ್ಶಕ ವಸ್ತುವಾದರೆ ಅದರ ಮೂಲಕ ಹಾಯುವ ಬೆಳಕಿಗೆ ದೋಷ ತಟ್ಟಬಹುದು. ಹೊರನೋಟಕ್ಕೆ ಚೆನ್ನಾಗಿದ್ದು ಒಳಗೆ ದುರ್ಬಲವಾಗಿರುವ ಈ ವಸ್ತುಗಳೇ ಮೊದಲನೆಯ ಬಗೆಯವಕ್ಕಿಂತ ಹೆಚ್ಚು ಅಪಾಯಕರವಾದುವು.

ಈ ದೋಷಗಳನ್ನು ತಪ್ಪಿಸಲು ಮೊದಲು ಹೊಳೆಯುವ ದಾರಿಯೆಂದರೆ ದ್ರವವನ್ನು ಇನ್ನೂ ವೇಗವಾಗಿ, ಇನ್ನೂ ಬಲವಾಗಿ ಒತ್ತುವುದು. ತೆಳುವಾದ ಆಹಾರದ ಡಬ್ಬಿಗಳನ್ನು ಇಂದಿಗೂ ಈ ದಾರಿಯಿಂದಲೇ ಮಾಡುತ್ತಾರೆ. ಆದರೆ ದಾರಿಯ ದಪ್ಪವು ಅರ್ಧವಾದರೆ, ಅದೇ ವೇಗದಲ್ಲಿ ದ್ರವವನ್ನು ನೂಕಲು ನಾಲ್ಕು ಪಟ್ಟು ಒತ್ತಡ ಬೇಕಾಗುತ್ತದೆ. ಅದನ್ನು ತಾಳಲು ಯಂತ್ರವು ದೊಡ್ಡದಾಗಬೇಕು, ಅಚ್ಚು ಗಟ್ಟಿಯಾಗಬೇಕು, ವಿದ್ಯುತ್ತಿನ ವೆಚ್ಚವು ಏರಬೇಕು. ಮೇಲಾಗಿ, ಬಲವಂತದಿಂದ ತುಂಬಿದ ವಸ್ತುವಿನಲ್ಲಿ ಅಡಗಿದ ಬಿಗಿತವೂ ಹೆಚ್ಚಾಗುತ್ತದೆ.

ಎರಡನೆಯ ದಾರಿಯೆಂದರೆ ಅಚ್ಚನ್ನು ಸದಾಕಾಲವೂ ಬಿಸಿಯಾಗಿಯೇ ಇಡುವುದು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದನ್ನು ಸುಮಾರು 300 ಡಿಗ್ರಿಯಲ್ಲಿ ಅಚ್ಚಿಗೆ ತುಂಬುತ್ತಾರೆ; ಅದು ಗಡುಸಾಗುವುದು ಸುಮಾರು 150 ಡಿಗ್ರಿಯಲ್ಲಿ. ಅಚ್ಚಿನ ಮೈಯನ್ನು 150 ಡಿಗ್ರಿಗಿಂತ ಮೇಲಿಟ್ಟರೆ ತೊಗಟೆಯೇ ಕಟ್ಟುವುದಿಲ್ಲ. ದ್ರವವು ತುದಿಯವರೆಗೂ ಸಲೀಸಾಗಿ ಹರಿಯುತ್ತದೆ. ಆದರೆ ಅಂತಹ ಅಚ್ಚಿನಲ್ಲಿ ವಸ್ತುವು ಎಷ್ಟು ಹೊತ್ತು ಕಾದರೂ ಗಡುಸಾಗುವುದೇ ಇಲ್ಲ. ಹೊರಕ್ಕೆ ನೂಕಹೋದರೆ ಅದು ಬಾಗಿ ಕೆಟ್ಟುಹೋಗುತ್ತದೆ. ಬಹುಕಾಲ ಕಾರ್ಖಾನೆಗಳು ಎರಡು ಬೇಡಿಕೆಗಳ ನಡುವಿನ ಯಾವುದೋ ಒಂದು ಉಷ್ಣತೆಯನ್ನು ಆರಿಸಿಕೊಂಡು ತೃಪ್ತಿಪಡಬೇಕಾಗಿತ್ತು. ಪಾಲಿಕಾರ್ಬೊನೇಟಿಗೆ 80ರಿಂದ 120 ಡಿಗ್ರಿಯಷ್ಟಿರುವ ಅಚ್ಚು ರೂಢಿಯಲ್ಲಿದೆ. ಅದು ಹರಿವಿಗೆ ಬೇಕಾದುದಕ್ಕಿಂತ ತಣ್ಣಗೆ. ಬೇಗ ಆರಿಸಲು ಬೇಕಾದುದಕ್ಕಿಂತ ಬಿಸಿ.

ಹಾಗಾದರೆ ತುಂಬುವಾಗ ಅಚ್ಚನ್ನು ಕಾಯಿಸಿ, ತುಂಬಿದ ಮೇಲೆ ತಣಿಸಬಾರದೇಕೆ? ಪ್ರಶ್ನೆಯು ಸರಳವಾದುದು; ಲೆಕ್ಕವು ಮಾತ್ರ ಕಠಿಣವಾದುದು. ಅಚ್ಚು ಎಂಬುದು ಮರದ ಹೋಳಿನಂತೆ ಹಗುರವಾದ ವಸ್ತುವಲ್ಲ. ಹಸ್ತದಗಲದ ವಸ್ತುವಿಗೂ ನೂರಾರು ಕಿಲೋಗ್ರಾಂ ತೂಕದ ಉಕ್ಕಿನ ಅಚ್ಚು ಬೇಕಾಗಬಹುದು. ಅಂತಹ ಅಚ್ಚೊಂದರ ತೂಕವು 200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ಉಕ್ಕಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಸುಮಾರು 0.11 ಕಿಲೋಕ್ಯಾಲೊರಿ ಶಾಖ ಬೇಕು. ಇಡೀ ಅಚ್ಚನ್ನು 100 ಡಿಗ್ರಿಯಷ್ಟು ಏರಿಸಲು 2,200 ಕಿಲೋಕ್ಯಾಲೊರಿ ಬೇಕಾಗುತ್ತದೆ. ಇಷ್ಟು ಶಾಖದಿಂದ 20 ಡಿಗ್ರಿಯ 27 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇಪ್ಪತ್ತು ಗ್ರಾಂ ತೂಕದ ಒಂದೊಂದು ಮುಚ್ಚಳಕ್ಕೂ ಎರಡು ಕೊಡ ನೀರನ್ನು ಕುದಿಸಿದಂತೆ ಆಗುವ ಈ ವೆಚ್ಚವನ್ನು ಯಾವ ಕಾರ್ಖಾನೆ ತಾನೆ ತಡೆದುಕೊಂಡೀತು? ಅಷ್ಟು ಶಾಖವನ್ನು ಊಡಲು ಹಲವು ನಿಮಿಷಗಳು ಹಿಡಿಯುತ್ತವೆ. ಅದನ್ನು ಮತ್ತೆ ಹೊರಹಾಕಲು ಇನ್ನಷ್ಟು ನಿಮಿಷಗಳು ಬೇಕು. ಎರಡು ಸೆಕೆಂಡುಗಳಲ್ಲಿ ಆರುವ ವಸ್ತುವಿಗಾಗಿ ಅರ್ಧ ಗಂಟೆ ಕಾಯುವುದು ವಿವೇಕವಲ್ಲ.

ಈ ಕಗ್ಗಂಟನ್ನು ಬಿಡಿಸಿದ್ದು ಒಂದು ಸರಳವಾದ ಆಲೋಚನೆ. ದ್ರವವು ಮುಟ್ಟುವುದು ಅಚ್ಚಿನ ಮೇಲ್ಮೈಯನ್ನು ಮಾತ್ರ. ಒಳಗಿನ ಉಕ್ಕಿನ ಗಡ್ಡೆಯನ್ನಲ್ಲ. ಹೀಗಿರುವಾಗ ಗಡ್ಡೆಯನ್ನೆಲ್ಲ ಏಕೆ ಕಾಯಿಸಬೇಕು? ಮೇಲ್ಮೈಯನ್ನಷ್ಟೇ ಕಾಯಿಸಿದರೆ ಸಾಲದೆ? ಹಿಂದಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಬಹುದು. ಒಂದು ಮಿಲಿಮೀಟರ್ ದಪ್ಪದ ಆ ಮುಚ್ಚಳಕ್ಕೆ ತಾಗುವ ಉಕ್ಕಿನ ವಿಸ್ತೀರ್ಣವು ಎರಡು ಬದಿಗಳೂ ಸೇರಿ ಸುಮಾರು 400 ಚದರ ಸೆಂಟಿಮೀಟರ್. ಅದರ ಮೇಲಿನ ಒಂದು ಮಿಲಿಮೀಟರ್ ದಪ್ಪದ ಪದರದ ತೂಕ ಸುಮಾರು 310 ಗ್ರಾಂ. ಈ ಪದರವನ್ನು 100 ಡಿಗ್ರಿಯಷ್ಟು ಏರಿಸಲು ಮೂರೂವರೆ ಕಿಲೋಕ್ಯಾಲೊರಿ ಶಾಖವೇ ಸಾಕು. ಅದು ಒಂದು ಚಿಕ್ಕ ಬಟ್ಟಲು ನೀರನ್ನು ಕುದಿಸುವಷ್ಟು ಶಾಖ. ಎರಡು ಕೊಡವೆಲ್ಲಿ, ಒಂದು ಬಟ್ಟಲೆಲ್ಲಿ! ವೆಚ್ಚವು ಆರುನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ ಕಾವಲಿಯು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ತೆಳ್ಳನೆಯ ತಗಡು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೃಹತ್ತಾದ ಅಚ್ಚಿನ ಮೇಲ್ಮೈಯು ತೆಳ್ಳನೆಯ ತಗಡಿನಂತೆ ವರ್ತಿಸುವ ಹಾಗೆ ಮಾಡುವುದೇ ಈ ವಿದ್ಯೆಯ ತಿರುಳು.

ಆದರೆ ಆಲೋಚನೆಯು ಕಾರ್ಯರೂಪಕ್ಕೆ ಬರಲು ಬಹಳ ಶ್ರಮ ಬೇಕಾಯಿತು. ಉಕ್ಕು ಉತ್ತಮ ಉಷ್ಣವಾಹಕವಾದ್ದರಿಂದ ಮೇಲ್ಮೈಗೆ ಕೊಟ್ಟ ಶಾಖವು ಅಲ್ಲಿಯೇ ನಿಲ್ಲದೆ ಒಳಕ್ಕೆ ಸೋರಿಹೋಗುತ್ತದೆ. ಒಂದು ಸೆಕೆಂಡಿನಲ್ಲಿ ಅದು ಕೆಲವು ಮಿಲಿಮೀಟರುಗಳಷ್ಟು ಆಳಕ್ಕೆ ಇಳಿಯುತ್ತದೆ. ಹತ್ತು ಸೆಕೆಂಡುಗಳಲ್ಲಿ ಒಂದು ಸೆಂಟಿಮೀಟರನ್ನು ಮುಟ್ಟುತ್ತದೆ. ಆದುದರಿಂದ ಒಂದೋ ಶಾಖವು ಸೋರುವ ಮೊದಲೇ ಕೆಲಸವನ್ನು ಮುಗಿಸಬೇಕು, ಇಲ್ಲವೇ ಮೇಲ್ಪದರದ ಅಡಿಯಲ್ಲಿ ಶಾಖವನ್ನು ತಡೆಯುವ ಹಾಸೊಂದನ್ನು ಇಡಬೇಕು. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ಯುಂಗ್ ಕಿಮ್ ಮತ್ತು ನಾಮ್ ಸುಹ್ ಎಂಬ ವಿಜ್ಞಾನಿಗಳು ಈ ಬಗೆಯ ಅಚ್ಚಿನ ಕಲ್ಪನೆಯನ್ನು 1986ರಲ್ಲಿ ವಿವರಿಸಿದರು. ಮುಂದೆ ಡಾಂಗ್‌ಗಾಂಗ್ ಯಾವ್ ಎಂಬವರೊಡನೆ ಕೂಡಿ ಕಿಮ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಗಳನ್ನು ನಡೆಸಿದರು. ಉಕ್ಕಿನ ಮೇಲೆ ಶಾಖನಿರೋಧಕವಾದ ಆಕ್ಸೈಡಿನ ಒಂದು ಪದರ, ಅದರ ಮೇಲೆ ವಿದ್ಯುತ್ತು ಹರಿದಾಗ ಕಾಯುವ ಲೋಹದ ಒಂದು ತೆಳುಪದರ. ಹೀಗೆ ಆ ಅಚ್ಚಿನ ರಚನೆಯಿತ್ತು. ಅದರ ಮೇಲ್ಮೈಯು 25 ಡಿಗ್ರಿಯಿಂದ 250 ಡಿಗ್ರಿಗೆ ಏರಲು 2 ಸೆಕೆಂಡುಗಳು ಸಾಕಾದುವೆಂದೂ, 8 ಸೆಕೆಂಡುಗಳೊಳಗೆ ಅದು ಮತ್ತೆ 50 ಡಿಗ್ರಿಗೆ ಇಳಿಯಿತೆಂದೂ ಅವರು 2002ರಲ್ಲಿ ಪ್ರಕಟಿಸಿದರು.

ಕಾರ್ಖಾನೆಗಳಲ್ಲಿ ಬೇರೆ ಬೇರೆ ವಿಧಾನಗಳು ಬಳಕೆಗೆ ಬಂದಿವೆ. ಅವುಗಳಲ್ಲಿ ಒಂದು ಉಗಿಯ ವಿಧಾನ. ಮೇಲ್ಮೈಗೆ ಬಲು ಸಮೀಪದಲ್ಲಿ, ಅದರ ಆಕಾರವನ್ನೇ ಅನುಸರಿಸಿ ಕೊರೆದ ನಾಳಗಳಲ್ಲಿ ಮೊದಲು ಒತ್ತಡದ ಉಗಿಯನ್ನು ಹಾಯಿಸುತ್ತಾರೆ. ಉಗಿಯು ನೀರಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣವು ಅಚ್ಚಿನ ಮೈಯನ್ನು ಬೇಗನೆ ಕಾಯಿಸುತ್ತದೆ. ಪ್ಲಾಸ್ಟಿಕ್ಕು ತುಂಬಿದೊಡನೆ ಉಗಿಯನ್ನು ನಿಲ್ಲಿಸಿ, ಅದೇ ನಾಳಗಳಲ್ಲಿ ತಣ್ಣೀರನ್ನು ಹರಿಸುತ್ತಾರೆ. ಬಳಿಕ ಗಾಳಿಯನ್ನು ಊದಿ ನಾಳಗಳಲ್ಲಿ ಉಳಿದ ನೀರನ್ನು ಹೊರದೂಡಿ, ಮುಂದಿನ ಸುತ್ತಿಗೆ ಸಿದ್ಧಪಡಿಸುತ್ತಾರೆ. ಕನ್ನಡಿಯಂತೆ ಹೊಳೆಯುವ ದೂರದರ್ಶನದ ಕಪ್ಪು ಚೌಕಟ್ಟುಗಳನ್ನು ಜಪಾನ್ ಮತ್ತು ದಕ್ಷಿಣ ಕೊರಿಯಾ ದೇಶಗಳ ಕಾರ್ಖಾನೆಗಳು 2000ದ ದಶಕದಲ್ಲಿ ಈ ವಿಧಾನದಿಂದ ತಯಾರಿಸಿದುವು.

ಇನ್ನೊಂದು ವಿಧಾನವು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಅವಲಂಬಿಸಿದೆ. ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಈಗ ಅನೇಕ ಮನೆಗಳಲ್ಲಿರುವ ಇಂಡಕ್ಷನ್ ಒಲೆಯು ಇದೇ ತತ್ತ್ವದಿಂದ ಕೆಲಸಮಾಡುತ್ತದೆ. ಒಲೆಯಲ್ಲಿ ಬೆಂಕಿಯಿಲ್ಲ, ಪಾತ್ರೆಯೇ ಕಾಯುತ್ತದೆ. ಅಚ್ಚಿನ ಬಳಿ ತಾಮ್ರದ ಸುರುಳಿಯನ್ನಿಟ್ಟು, ಒಂದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಅದರಲ್ಲಿ ಹರಿಸಿದರೆ ಅಚ್ಚಿನ ಉಕ್ಕಿನಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ವಿಶೇಷವೇನೆಂದರೆ, ದಿಕ್ಕು ಬದಲಾಗುವ ವೇಗವು ಹೆಚ್ಚಿದಷ್ಟೂ ಈ ವಿದ್ಯುತ್ತು ಆಳಕ್ಕೆ ಇಳಿಯದೆ ಮೇಲ್ಮೈಯಲ್ಲಿಯೇ ಸುಳಿದಾಡುತ್ತದೆ. ಆ ವೇಗವು ಸೆಕೆಂಡಿಗೆ ಕೆಲವು ಹತ್ತು ಸಾವಿರ ಸಲಗಳಷ್ಟಾದಾಗ, ಸಾಮಾನ್ಯ ಉಕ್ಕಿನಲ್ಲಿ ಅದರ ಆಳವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಮೇಲ್ಮೈಯನ್ನು ಮಾತ್ರ ಕಾಯಿಸಬೇಕೆಂಬ ಬಯಕೆಗೆ ಪ್ರಕೃತಿಯೇ ಒದಗಿಸಿದ ಸಾಧನವಿದು. ಇವಲ್ಲದೆ ಅಚ್ಚಿನೊಳಗೆ ವಿದ್ಯುತ್ ಕಾವಿನ ಸರಳುಗಳನ್ನು ಹುದುಗಿಸುವ ವಿಧಾನವೂ, ತೆರೆದ ಅಚ್ಚಿನ ಮೈಗೆ ಅವಗೆಂಪು ಕಿರಣಗಳ ದೀಪದಿಂದ ಕಾವು ಕೊಡುವ ವಿಧಾನವೂ ಉಂಟು.

ಹೀಗೆ ಕಾಯಿಸಿದ ಅಚ್ಚಿನಲ್ಲಿ ದ್ರವವು ತುದಿಯವರೆಗೂ ಹರಿಯುತ್ತದೆ. ಕಂಬವನ್ನು ಬಳಸಿ ಬಂದ ಎರಡು ಹೊನಲುಗಳು ಬಿಸಿಯಾಗಿಯೇ ಕೂಡುವುದರಿಂದ ಬೆಸುಗೆಗೆರೆಯು ಮಾಯವಾಗುತ್ತದೆ, ಇಲ್ಲವೇ ತೀರ ಮಸುಕಾಗುತ್ತದೆ. ಅಚ್ಚಿನ ಮೈಯ ನಯವು ಯಥಾವತ್ತಾಗಿ ವಸ್ತುವಿನ ಮೈಗೆ ಇಳಿಯುತ್ತದೆ. ಇದರಿಂದ ಇನ್ನೊಂದು ಪ್ರಯೋಜನವೂ ಒದಗಿತು. ಹಿಂದೆ ಗೆರೆಗಳನ್ನೂ ಮಂಕುತನವನ್ನೂ ಮರೆಮಾಡಲು ಅನೇಕ ವಸ್ತುಗಳಿಗೆ ಬಣ್ಣ ಬಳಿಯಬೇಕಾಗಿತ್ತು. ಬಣ್ಣದಿಂದ ಆವಿಯಾಗುವ ದ್ರಾವಕಗಳು ಅದನ್ನು ಸಿಂಪಡಿಸುವ ಕೆಲಸಗಾರರ ಉಸಿರಾಟಕ್ಕೆ ಹಾನಿಕರವಾದುವು. ಬಣ್ಣ ಬಳಿದ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸಿ ಬಳಸುವುದೂ ಕಷ್ಟ. ಅಚ್ಚಿನಿಂದಲೇ ಹೊಳಪಾಗಿ ಹೊರಬರುವ ವಸ್ತುವಿಗೆ ಬಣ್ಣದ ಅಗತ್ಯವಿಲ್ಲ. ವಸ್ತುವಿನ ಚೆಲುವನ್ನು ಹೆಚ್ಚಿಸಿದ ವಿದ್ಯೆಯು ಕೆಲಸಗಾರನ ಉಸಿರನ್ನೂ ಕಾಪಾಡಿತು.

ಆದರೂ ಇದು ಎಲ್ಲ ವಸ್ತುಗಳಿಗೂ ಸಲ್ಲುವ ವಿಧಾನವಲ್ಲ. ಪ್ರತಿಯೊಂದು ಸುತ್ತಿನಲ್ಲಿಯೂ ಕಾದು ಹಿಗ್ಗಿ, ತಣಿದು ಕುಗ್ಗುವ ಉಕ್ಕು ಕ್ರಮೇಣ ದಣಿಯುತ್ತದೆ. ಅದರ ಮೈಯಲ್ಲಿ ಸೂಕ್ಷ್ಮವಾದ ಬಿರುಕುಗಳು ಮೂಡಬಹುದು. ಬೇರೆ ಬೇರೆ ಪದಾರ್ಥಗಳ ಪದರಗಳು ಒಂದೇ ಪ್ರಮಾಣದಲ್ಲಿ ಹಿಗ್ಗದಿರುವುದರಿಂದ ಒಂದರಿಂದೊಂದು ಕಳಚಿಕೊಳ್ಳುವ ಭಯವುಂಟು. ಆ ತೆಳುಪದರಗಳೇ ಸಾವಿರ ಪಟ್ಟು ವಾಯುಭಾರದ ಒತ್ತಡವನ್ನೂ ತಾಳಬೇಕು. ಉಗಿಯ ನಾಳಗಳಲ್ಲಿ ತುಕ್ಕು ಹಿಡಿಯುವುದುಂಟು. ಅಚ್ಚಿನ ಬೆಲೆಯು ಹೆಚ್ಚು. ಕಾಯಿಸಲು ಬೇಕಾದ ಶಕ್ತಿಯೂ ಸೆಕೆಂಡುಗಳೂ ಹೆಚ್ಚುವರಿಯಾದ ವೆಚ್ಚವೇ. ಒಮ್ಮೆ ಬಳಸಿ ಎಸೆಯುವ ಮೊಸರಿನ ಬಟ್ಟಲಿಗೆ ಇಷ್ಟು ಆಡಂಬರ ಸಲ್ಲದು. ಮಸೂರ, ವೈದ್ಯಕೀಯ ಪರೀಕ್ಷೆಯ ಸೂಕ್ಷ್ಮನಾಳಗಳುಳ್ಳ ಫಲಕ, ಬಹುಕಾಲ ಬಾಳಬೇಕಾದ ಯಂತ್ರದ ತೆಳುಕವಚ ಮುಂತಾದ, ದೋಷವನ್ನು ಸಹಿಸಲಾಗದ ವಸ್ತುಗಳಿಗೆ ಅದು ತಕ್ಕುದಾದುದು. ಯಾವ ವಸ್ತುವಿಗೆ ಯಾವ ವಿಧಾನ ಬೇಕೆಂದು ನಿರ್ಧರಿಸುವುದೂ ತಂತ್ರಜ್ಞನ ವಿದ್ಯೆಯ ಒಂದು ಅಂಗವೇ ಆಗಿದೆ.

ಇಂತಹ ಅಚ್ಚುಗಳನ್ನು ರೂಪಿಸುವವರ ಹೆಸರು ವಸ್ತುವಿನ ಮೇಲೆ ಎಲ್ಲಿಯೂ ಕಾಣಿಸುವುದಿಲ್ಲ. ಕೂದಲೆಳೆಯ ಒಂದು ಅಂಶದಷ್ಟು ಅಳತೆ ತಪ್ಪಿದರೂ ಅವರ ಶ್ರಮ ವ್ಯರ್ಥವಾಗುತ್ತದೆ. ಕರ್ನಾಟಕದಲ್ಲಿ ಈ ಕುಶಲಕಲೆಯನ್ನು ಕಲಿಸುವುದಕ್ಕಾಗಿ ಡೆನ್ಮಾರ್ಕ್ ದೇಶದ ಸಹಕಾರದೊಡನೆ 1972ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಸ್ಥಾಪನೆಯಾಯಿತು. ಮುಂದೆ ರಾಜ್ಯದ ಇತರ ಊರುಗಳಲ್ಲಿಯೂ ಅದರ ಶಾಖೆಗಳು ಹುಟ್ಟಿಕೊಂಡುವು. ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗ ಹುಡುಗಿಯರು ಅಲ್ಲಿ ಅಚ್ಚುಗಳ ವಿನ್ಯಾಸವನ್ನೂ ತಯಾರಿಕೆಯನ್ನೂ ಕಲಿಯುತ್ತಾರೆ.

ಒಂದು ಕಾರ್ಯಕ್ಕೆ ಕಾವೂ ಬೇಕು, ತಂಪೂ ಬೇಕು ಎಂದಾಗ ಎರಡರ ನಡುವೆ ಅರೆಬರೆಯಾಗಿ ನಿಲ್ಲುವುದು ಸುಲಭದ ದಾರಿ. ಎಲ್ಲಿ, ಯಾವಾಗ, ಎಷ್ಟು ಕಾವು ಬೇಕೆಂದು ವಿಚಾರಿಸಿ ನೋಡಿದವರು ಅದನ್ನು ಒಪ್ಪಲಿಲ್ಲ. ಬೇಕಾದ ಎಡೆಯಲ್ಲಿ, ಬೇಕಾದ ಕ್ಷಣದಲ್ಲಿ, ಬೇಕಾದಷ್ಟನ್ನೇ ಒದಗಿಸಿದರೆ ಎರಡೂ ಬೇಡಿಕೆಗಳು ಪೂರ್ಣವಾಗಿ ಸಲ್ಲುತ್ತವೆಂಬುದನ್ನು ಅವರು ತೋರಿಸಿಕೊಟ್ಟರು. ಮುಂದಿನ ಸಂಕ್ರಾಂತಿಯಲ್ಲಿ ಸಕ್ಕರೆಯ ಆನೆಯನ್ನು ಕೈಗೆತ್ತಿಕೊಂಡವರು ಅದರ ಸೊಂಡಿಲಿನ ತುದಿಯನ್ನು ಒಮ್ಮೆ ಗಮನಿಸಿ ನೋಡಬೇಕು. ಅದು ಪೂರ್ಣವಾಗಿ ಮೂಡಿದ್ದರೆ, ಪಾಕವನ್ನು ಸುರಿದ ಕೈಗೆ ಈ ಹದವು ಚೆನ್ನಾಗಿ ತಿಳಿದಿದೆಯೆಂದೇ ಅರ್ಥ.

ಅಭ್ಯಾಸ

1. ಸಕ್ಕರೆ ಅಚ್ಚಿನ ತಯಾರಿಕೆಗೂ ಪ್ಲಾಸ್ಟಿಕ್ ವಸ್ತುವಿನ ತಯಾರಿಕೆಗೂ ಇರುವ ಹೋಲಿಕೆಗಳನ್ನು ಬರೆಯಿರಿ.
2. ವಸ್ತುವಿನ ದಪ್ಪವು 3 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ಇಳಿದರೆ ಅದು ಆರುವ ಕಾಲವು ಎಷ್ಟನೆಯ ಒಂದು ಭಾಗವಾಗುತ್ತದೆ?
3. ಬೆಸುಗೆಗೆರೆಯು ಹೇಗೆ ಉಂಟಾಗುತ್ತದೆ? ಅದರಿಂದಾಗುವ ಹಾನಿಯೇನು?
4. ಇಡೀ ಅಚ್ಚನ್ನು ಕಾಯಿಸುವುದಕ್ಕೂ ಅದರ ಮೇಲ್ಪದರವನ್ನು ಮಾತ್ರ ಕಾಯಿಸುವುದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದ ಸಹಿತ ವಿವರಿಸಿರಿ.
5. “ವಸ್ತುವಿನ ಚೆಲುವನ್ನು ಹೆಚ್ಚಿಸಿದ ವಿದ್ಯೆಯು ಕೆಲಸಗಾರನ ಉಸಿರನ್ನೂ ಕಾಪಾಡಿತು.” ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.